ಸಾಸಿವೆಗೆ ಎಷ್ಟು ಉಪ್ಪು?

ಮಾರ್ಚ್ ೩, ಸೋಮವಾರ

ಅಕ್ಕನ ಮನೆಗೆ ಬಂದಿದ್ದೇನೆ. ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಸೂಟ್‌ಕೇಸ್ ಬಿಚ್ಚಿಲ್ಲ. ಬಿಚ್ಚಿದರೆ ಮತ್ತೆ ಮಡಚುವ ಕೆಲಸ.

ಬಸ್ ನಿಲ್ದಾಣದಲ್ಲಿ ನನ್ನ ಕುರ್ಚಿಯ ಮೇಲೆ ಈಗ ಒಂದು ಯಂತ್ರವನ್ನು ಕೂರಿಸಿದ್ದಾರೆ. ಅದು ಹೆಂಗಸಿನ ದನಿಯಲ್ಲಿ, ಯಾವ ಬಸ್ಸು ಬಂದರೂ ಒಂದೇ ಸಂತೋಷದಿಂದ, ಕೂಗುತ್ತದೆ. ಇವತ್ತಲ್ಲ ನಾಳೆ ಅದು ಕೆಟ್ಟು ಮಲಗುತ್ತದೆ, ಮ್ಯಾನೇಜರು ಫೋನ್ ಮಾಡಿ ಕರೆಯುತ್ತಾರೆ ಎಂಬುದು ನನ್ನ ಲೆಕ್ಕ. ಇಪ್ಪತ್ತು ವರ್ಷಕ್ಕೂ ಮೇಲೆ ‘ಪ್ರಯಾಣಿಕರ ಗಮನಕ್ಕೆ’ ಎಂದವನು ನಾನು. ಈಗ ಯಾರ ಗಮನಕ್ಕೂ ಇಲ್ಲ. ಗಂಟಲು ಬಿಚ್ಚಿ ಮಾತಾಡಿ ಎಷ್ಟೋ ದಿನವಾಯಿತು. ಅಂಗಡಿಯಲ್ಲಿ ಹಾಲು ಬೇಕಾದರೂ ಬೆರಳು ತೋರಿಸುತ್ತೇನೆ.

ನನಗೆ ಕೊಟ್ಟಿರುವುದು ಹಿಂದಿನ ಕೋಣೆ. ಗಾಳಿ ಬರಲೆಂದು ಕಿಟಕಿ ತೆಗೆದೆ. ಗಾಳಿಯ ಬದಲು ಒಂದು ಕಂದು ಮೂತಿ ಒಳಗೆ ಬಂತು, ನನ್ನ ದಿಂಬಿನ ವಾಸನೆ ನೋಡಿತು, ಇಷ್ಟವಾಗಲಿಲ್ಲವೆಂದು ಮೂಗಿನಿಂದ ಬುಸ್ಸೆಂದು ಹೇಳಿತು. ನಾನು ಎದುರು ಗೋಡೆಗೆ ಅಂಟಿಕೊಂಡಿದ್ದೆ.

ಅಕ್ಕನ ಮನೆಯಲಿ ಊಟ,
ಪಕ್ಕದ ಲಾಯದಿ ಕಾಟ.

ಮಾರ್ಚ್ ೫, ಬುಧವಾರ

ಆ ಮೂತಿಯ ಹೆಸರು ಸಾಸಿವೆ. ಮರಿಯಾಗಿದ್ದಾಗ ಎಣ್ಣೆಗೆ ಬಿದ್ದ ಸಾಸಿವೆಯಂತೆ ಚಟಪಟ ಹಾರುತ್ತಿತ್ತಂತೆ. ಈಗ ಹದಿನಾಲ್ಕು ವರ್ಷ. ಅಕ್ಕನಿಗೆ ಅದರ ಮೇಲೆ ಪ್ರಾಣ. ಅವಳು ಅದರ ಮೇಲೆ ಕೂತು ದೂರದ ಸವಾರಿಗೆ ಹೋಗುತ್ತಾಳೆ. ಒಂದೇ ದಿನದಲ್ಲಿ ಎಂಬತ್ತು ಕಿಲೋಮೀಟರು. ಮೊದಲು ಬಂದವರಿಗಿಂತ ಗಟ್ಟಿಯಾಗಿ ಬಂದವರಿಗೇ ಅಲ್ಲಿ ಮರ್ಯಾದೆ. ನಡುನಡುವೆ ಡಾಕ್ಟರು ಕುದುರೆಯನ್ನು ನಿಲ್ಲಿಸಿ ನೋಡುತ್ತಾರೆ, ಬಳಲಿದ್ದರೆ ಅಲ್ಲಿಗೇ ಮುಗಿಯಿತು, ಟ್ರೇಲರ್ ಹತ್ತಿ ಮನೆಗೆ.

ಸಾಸಿವೆ ಕಳೆದೆರಡು ವರ್ಷವೂ ಟ್ರೇಲರ್ ಹತ್ತಿಯೇ ಬಂದಿದೆ. ಎರಡು ಸಲವೂ ಕಾರಣ ಒಂದೇ: ಮೈಯಲ್ಲಿ ನೀರಿಲ್ಲ. ಈ ಸಲವೂ ತಡೆದರೆ ಇನ್ನು ಅದನ್ನು ಸವಾರಿಗೆ ಇಳಿಸುವುದಿಲ್ಲವೆಂದು ಅಕ್ಕ ಮಾತು ಕೊಟ್ಟುಬಿಟ್ಟಿದ್ದಾಳೆ. ಅಕ್ಕನ ಮೊಣಕಾಲೂ ಹೆಚ್ಚು ಕಡಿಮೆ ಅದೇ ಮಾತು ಕೊಟ್ಟಿದೆ. ಏಪ್ರಿಲ್‌ನಲ್ಲಿ ಸವಾರಿ.

ಹಾಗಾಗಿ ಈ ಮನೆಯಲ್ಲಿ ಉಪ್ಪಿನ ಯುದ್ಧ ನಡೆದಿದೆ. ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಲೋಕದಲ್ಲಿ ಯಾರು ಸುಸ್ತಾದರೂ ಅವಳಿಗೆ ಡ್ರಿಪ್ ಕಾಣುತ್ತದೆ. ಎಲೆಕ್ಟ್ರೊಲೈಟ್ ಪುಡಿಯ ದೊಡ್ಡ ಡಬ್ಬ ತಂದಿಟ್ಟಿದ್ದಾಳೆ, ಕಿತ್ತಳೆ ಬಣ್ಣ, ನಿಂಬೆ ವಾಸನೆ. ಭಾವ ಪ್ಲಂಬರ್.

“ಪೈಪಿನೊಳಗೆ ಉಪ್ಪು ಹೋದ್ರೆ ಏನಾಗುತ್ತೆ ಹೇಳು,” ಎಂದರು ಊಟಕ್ಕೆ ಕೂತಾಗ, ನನಗೆ.

“ತುಕ್ಕು?”

“ಕೇಳಿಸ್ತಾ?” ಎಂದು ಅಕ್ಕನ ಕಡೆ ತಿರುಗಿದರು.

“ರೀ, ಅದು ಕುದುರೆ. ನೀವು ಬಿಗಿಸಿರೋ ನಲ್ಲಿ ಅಲ್ಲ.”

“ಕಾಡಲ್ಲಿ ಓಡೋ ಕುದುರೆಗೆ ಯಾವ ಕಂಪನಿಯವನು ಡಬ್ಬ ಹೊತ್ಕೊಂಡು ಹೋಗಿದ್ದ? ನೀರು, ಹುಲ್ಲು, ಗೋಡೆಗೊಂದು ಉಪ್ಪಿನ ಗಡ್ಡೆ. ಬೇಕಾದಾಗ ನೆಕ್ಕುತ್ತೆ. ಸಾಕು.”

“ಕಾಡಲ್ಲಿ ಓಡೋ ಕುದುರೆ ಬೆನ್ನ ಮೇಲೆ ನನ್ನಂಥವಳನ್ನ ಕೂರಿಸ್ಕೊಂಡು ಎಂಬತ್ತು ಕಿಲೋಮೀಟರ್ ಓಡುತ್ತಾ?”

ಭಾವ ಲೋಟಕ್ಕೆ ಕೈ ಹಾಕಿದರು. ಸಂಸಾರ ಮಾಡಿ ಪಳಗಿದ ಮನುಷ್ಯ. ಅಕ್ಕನ ತೂಕ ಮಾತಿಗೆ ಬಂದೊಡನೆ ನೀರು ಕುಡಿಯುತ್ತಾರೆ.

ಮಾರ್ಚ್ ೯, ಭಾನುವಾರ

ಬಿಟ್ಟಿ ಊಟ ಮುಗಿಯಿತು. ದಿನಕ್ಕೆರಡು ಸಲ ಕುದುರೆಗೆ ನೀರು ಕುಡಿಸುವ ಕೆಲಸ ನನಗೆ ಬಿದ್ದಿದೆ. ತೊಟ್ಟಿ ಇದೆಯಲ್ಲ ಎಂದರೆ, ಅಲ್ಲ, ಬಕೆಟ್ಟಿನಲ್ಲಿ ಕುಡಿದು ಅಭ್ಯಾಸವಾಗಬೇಕಂತೆ, ಸವಾರಿಯ ದಿನ ಬಕೆಟ್ಟೇ ಗತಿ.

ಬಕೆಟ್ ಮುಂದಿಟ್ಟು ಮೂರು ಮಾರು ದೂರ ಹೋಗಿ ನಿಂತೆ. ಅದು ಕುಡಿಯಲಿಲ್ಲ, ನನ್ನನ್ನೇ ನೋಡಿತು. ಅಷ್ಟು ದೊಡ್ಡ ಕಣ್ಣಿನ ಪ್ರಾಣಿ ಸುಮ್ಮನೆ ನೋಡುತ್ತಿದ್ದರೆ ಏನಾದರೂ ಹೇಳಲೇಬೇಕಾಗುತ್ತದೆ. ಧೈರ್ಯಕ್ಕೆಂದು, ಬಾಯಿಗೆ ಬಂದ ಏಕೈಕ ಮಂತ್ರವನ್ನು ಮೆಲ್ಲಗೆ ಹೇಳಿದೆ:

ಪ್ರಯಾಣಿಕರ ಗಮನಕ್ಕೆ! ಸಾಸಿವೆ ಎಕ್ಸ್‌ಪ್ರೆಸ್ ಬಕೆಟ್ಟಿನ ಬಳಿ ಬಂದಿದೆ,
ಬಾಲದ ಕಡೆಯ ಪ್ರಯಾಣಿಕರು ದೂರ ನಿಲ್ಲಲು ಕೋರಿದೆ.

ಕಿವಿ ನಿಮಿರಿಸಿತು. ಆಮೇಲೆ ತಲೆ ತಗ್ಗಿಸಿ ಕುಡಿಯಿತು. ಕಾಕತಾಳೀಯ. ಭಾವ ಬಚ್ಚಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, “ಲೋ ಮೈಕಾಸುರ, ಪ್ಲಾಟ್‌ಫಾರಂ ನಂಬರ್ ಹೇಳೋದು ಮರೆತೆ,” ಎಂದರು. ನಾಳೆಯಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ.

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆಯ ಬೂಸಾದಲ್ಲಿ ಪುಡಿ ಹಾಕು ಎಂದಳು ಅಕ್ಕ. ಹಾಕಿದರೆ ನೋಡು ಎಂದರು ಭಾವ. ಅರ್ಧ ಚಮಚ ಹಾಕಿದೆ. ಇದಕ್ಕಿಂತ ನ್ಯಾಯವಾಗಿ ಯಾವ ನ್ಯಾಯಾಧೀಶನೂ ತೀರ್ಪು ಕೊಡಲಾರ.

ಮಾರ್ಚ್ ೧೩, ಗುರುವಾರ

ಸಂಧಾನವಾಗಿದೆ. ದಂಪತಿಗಳು ಕೈ ಮೇಲೆ ಕೈ ಹಾಕಿ, ಕುದುರೆಯ ಡಾಕ್ಟರಮ್ಮನನ್ನು ಕೇಳುವ ತನಕ ಯಾರೂ ಪುಡಿ ಮುಟ್ಟಬಾರದು ಎಂದು ಒಪ್ಪಿಕೊಂಡರು. ನನ್ನನ್ನು ಸಾಕ್ಷಿಗೆ ನಿಲ್ಲಿಸಿದರು. ಸಾಕ್ಷಿಗೆ ಈ ನಿಯಮ ಅನ್ವಯಿಸುತ್ತದೆಯೇ ಎಂದು ಯಾರೂ ಸ್ಪಷ್ಟಪಡಿಸಲಿಲ್ಲ. ಅಭ್ಯಾಸದ ಸವಾರಿಯಿಂದ ಬಂದ ಕುದುರೆಯ ಕತ್ತಿನ ಮೇಲೆ ಬೆವರು ಒಣಗಿ ಬಿಳಿ ಪಟ್ಟೆಯಾಗಿತ್ತು, ನೋಡಲಾಗಲಿಲ್ಲ. ಅರ್ಧ ಚಮಚ ಮುಂದುವರಿಸಿದ್ದೇನೆ.

ಮಾರ್ಚ್ ೧೬, ಭಾನುವಾರ

ಒಂದು ವಿಚಿತ್ರ. ಕುದುರೆ ಕುಡಿಯುತ್ತಿದೆ. ಕುಡಿಯುತ್ತಲೇ ಇದೆ. ನಾನು ಕೊಟ್ಟ ಬಕೆಟ್ ಮುಗಿಸಿ ತೊಟ್ಟಿಯನ್ನೂ ಖಾಲಿ ಮಾಡುತ್ತದೆ. ಬೆಳಿಗ್ಗೆ ಲಾಯಕ್ಕೆ ಕಾಲಿಟ್ಟರೆ ಚಪ್ಪಲಿ ತೇಲುತ್ತದೆ.

ಅಕ್ಕ ಇದನ್ನು ನರ್ಸಿನ ಕಣ್ಣಿನಿಂದ ನೋಡಿ ಕಿಡ್ನಿಯ ಕಡೆ ಹೊರಟಿದ್ದಾಳೆ. ಅವಳ ಮುಖ ಸಣ್ಣದಾಗಿದೆ. ಭಾವ ಪ್ಲಂಬರಿನ ಕಣ್ಣಿನಿಂದ ನೋಡಿ, “ಕುದುರೆ ಒಂದೇ ಇಷ್ಟು ಮಾಡೋಕೆ ಸಾಧ್ಯನೇ ಇಲ್ಲ. ನೆಲದೊಳಗೆ ಪೈಪ್ ಸೋರ್ತಿದೆ,” ಎಂದು ಹಾರೆ ಹುಡುಕುತ್ತಿದ್ದಾರೆ.

ಕುಡಿಯಮ್ಮ ಕುಡಿ, ತಳ ಕಾಣುವ ತನಕ ಕುಡಿ,
ನಲ್ಲಿ ನಮ್ಮ ಭಾವನದು, ಬಿಲ್ಲಿನ ಚಿಂತೆ ಬಿಡಿ.

(ಕೊನೆಯ ಬಹುವಚನ ಪ್ರಾಸಕ್ಕಾಗಿ ಮಾತ್ರ. ಅದಕ್ಕೆ ಅಷ್ಟು ಮರ್ಯಾದೆ ಕೊಡುವ ಉದ್ದೇಶವಿಲ್ಲ.)

ಮಾರ್ಚ್ ೨೨, ಶನಿವಾರ

ಲಾಯದ ಮುಂದೆ ಈಗ ಸೊಂಟದಾಳ ಗುಂಡಿ. ಅದರೊಳಗೆ ಭಾವ. ಪೈಪು ಹೊಸ ಮದುಮಗನಂತೆ ಒಣಗಿ ಹೊಳೆಯುತ್ತಿದೆ, ಎಲ್ಲೂ ಒಂದು ಹನಿ ಸೋರಿಲ್ಲ. ಸ್ವಂತ ಕೆಲಸ ಇಷ್ಟು ಚೆನ್ನಾಗಿದೆ ಎಂದು ಇಷ್ಟು ದುಃಖಪಟ್ಟ ಕುಶಲಕರ್ಮಿಯನ್ನು ನಾನು ಕಂಡಿಲ್ಲ. ಅಕ್ಕ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಕಿಡ್ನಿಯೇ ಆದರೆ ಸವಾರಿ ಇರಲಿ, ಕುದುರೆಯೇ ಉಳಿಯುವುದಿಲ್ಲ ಎಂದು ಅವಳು ಲೆಕ್ಕ ಹಾಕಿಯಾಗಿದೆ.

ನನಗೂ ಮಧ್ಯಾಹ್ನದ ಊಟ ಸೇರಲಿಲ್ಲ. ಬಿಸಿಲಿಗಿರಬೇಕು.

ಮಾರ್ಚ್ ೨೩, ಭಾನುವಾರ

ಇವತ್ತಿನದನ್ನು ವಿವರವಾಗಿ ಬರೆಯಲೇಬೇಕು.

ಡಾಕ್ಟರಮ್ಮ ಬಂದರು. ಕುಳ್ಳಗೆ, ಗಟ್ಟಿ ಗಂಟಲು, ಕುದುರೆಯ ಹೊಟ್ಟೆಯ ಕೆಳಗೆ ಬಗ್ಗದೆಯೇ ನುಸುಳಿ ಆ ಕಡೆ ಏಳುತ್ತಾರೆ. ನಾಡಿ ನೋಡಿದರು, ವಸಡು ಒತ್ತಿ ನೋಡಿದರು, ಕತ್ತಿನ ಚರ್ಮ ಚಿವುಟಿ ಬಿಟ್ಟರು, ಅದು ಪಟ್ಟನೆ ಕೂತಿತು. ಒದ್ದೆ ನೆಲ ನೋಡಿದರು. ಗುಂಡಿ ನೋಡಿದರು. ಉಪ್ಪಿನ ಗಡ್ಡೆ ನೋಡಿದರು. ಅದರ ಮೇಲೆ ನಾಲಗೆಯ ಗುರುತೇ ಇರಲಿಲ್ಲ, ತಂದ ಹಾಗೇ ಇತ್ತು.

“ಈ ಕುದುರೆಗೆ ಉಪ್ಪು ಹಾಕ್ತಿರೋರು ಕೈ ಎತ್ತಿ.”

ಯಾರೂ ಅಲುಗಾಡಲಿಲ್ಲ.

“ಸುಳ್ಳು ಹೇಳಿದ್ರೆ ಎಲ್ಲರಿಗೂ ರಕ್ತ ಪರೀಕ್ಷೆ.”

ಅಕ್ಕ ಕೈ ಎತ್ತಿದಳು, “ಡ್ಯೂಟಿಗೆ ಹೋಗೋ ಮುಂಚೆ... ಒಂದೇ ಒಂದು ಚಮಚ.” ಭಾವ ವಿಜಯದಿಂದ ಅವಳ ಕಡೆ ತಿರುಗಬೇಕೆನ್ನುವಷ್ಟರಲ್ಲಿ ಡಾಕ್ಟರಮ್ಮ ಅವರನ್ನೇ ನೋಡುತ್ತಿದ್ದರು. ನಾನೂ ಮೊದಲ ಸಲ ಸರಿಯಾಗಿ ನೋಡಿದೆ. ಭಾವನ ಅಂಗಿಯ ಜೇಬಿನ ಅಂಚು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

“ಸಂಜೆ ಹೊತ್ತು,” ಎಂದರು ಭಾವ, ಗುಂಡಿಯನ್ನು ನೋಡುತ್ತ. “ಅವತ್ತು ಬೆವರು ಸುರಿಸ್ಕೊಂಡು ಬಂದು ನೀರೇ ಮುಟ್ಟಲಿಲ್ಲ. ಹೆದರಿಕೆ ಆಯ್ತು.”

“ತುಕ್ಕು ಹಿಡಿಯಲ್ವಾ?” ಎಂದಳು ಅಕ್ಕ.

“ನೀನು ಕೈ ಮೇಲೆ ಕೈ ಹಾಕಿದ್ದೆ!”

“ನೀವು ಹಾಕಿರಲಿಲ್ವಾ?”

ಇಷ್ಟು ಚೆಂದದ ಜಗಳದಲ್ಲಿ ನನ್ನ ಅರ್ಧ ಚಮಚವನ್ನು ಯಾರೂ ಗಮನಿಸುತ್ತಿರಲಿಲ್ಲ. ಆದರೂ ಕೈ ಎತ್ತಿದೆ. ಅರ್ಧ ಮಾತ್ರ ಎತ್ತಿದೆ.

ಡಾಕ್ಟರಮ್ಮ ಸ್ಟೆತಸ್ಕೋಪ್ ಕುತ್ತಿಗೆಗೆ ಹಾಕಿಕೊಂಡು ಬೂಸಾ ಮೂಟೆಯ ಮೇಲೆ ಕೂತು ನಗತೊಡಗಿದರು. ಅಕ್ಕ ಮುಸುಮುಸು ಅಳುತ್ತಲೇ ನಕ್ಕಳು. ಭಾವ ಗುಂಡಿಯ ಅಂಚಿನಲ್ಲಿ ಕೂತು ತೊಡೆ ಬಡಿದುಕೊಂಡು ನಕ್ಕರು. ಸಾಸಿವೆ ಮೂವರ ಉಪ್ಪನ್ನೂ ತಿಂದ ನಿಶ್ಚಿಂತೆಯಲ್ಲಿ ನಿಂತು, ಎಲ್ಲರ ಎದುರೇ ಮತ್ತೊಮ್ಮೆ ನೆಲ ತೋಯಿಸಿತು.

“ಹಾಗಾದ್ರೆ ಉಪ್ಪು ಬೇಕೋ ಬೇಡವೋ?” ಎಂದರು ಭಾವ.

“ನಾವು ಬೆವರಿದ್ರೆ ನೀರು ಜಾಸ್ತಿ ಹೋಗುತ್ತೆ, ಉಪ್ಪು ಕಮ್ಮಿ. ರಕ್ತ ಉಪ್ಪುಪ್ಪಾಗುತ್ತೆ, ಬಾಯಾರುತ್ತೆ. ಕುದುರೆ ಬೆವರು ಹಾಗಲ್ಲ, ರಕ್ತದಷ್ಟೇ ಉಪ್ಪು, ಇನ್ನೂ ಒಂದು ಕೈ ಜಾಸ್ತಿನೇ. ನೀರು ಉಪ್ಪು ಎರಡೂ ಜೋಡಿಯಾಗಿ ಓಡಿಹೋಗ್ತವೆ, ತಲೆಗೆ ಸುದ್ದಿನೇ ಮುಟ್ಟಲ್ಲ. ಒಣಗಿ ನಿಂತಿದ್ರೂ ಬಾಯಾರಿಕೆ ಅನ್ನೋದೇ ಗೊತ್ತಾಗಲ್ಲ. ಅದಕ್ಕೇ ದೂರ ಓಡಿ ಬೆವರೋ ದಿನ ಬೇಕು. ನಿಂತು ಮೇಯೋ ದಿನ ಹುಲ್ಲು, ಈ ಗಡ್ಡೆ ಸಾಕು. ಮುಂಚೆನೇ ತುಂಬಿಸಿಟ್ರೆ ಉಳಿಯಲ್ಲ, ನೋಡಿ,” ಎಂದು ನೆಲ ತೋರಿಸಿದರು. “ಇನ್ನೊಂದು. ಕುಡೀದೆ ನಿಂತಿರೋ ಕುದುರೆಗೆ ಪುಡಿ ಕಲಸಿ ಬಾಯಿಗೆ ಒತ್ತಬೇಡಿ. ಮೈಯಲ್ಲಿರೋ ನೀರನ್ನೂ ಅದು ಕರುಳಿಗೆ ಎಳ್ಕೊಂಡುಬಿಡುತ್ತೆ. ಮೊದಲು ನೀರು. ಆಮೇಲೆ ಉಪ್ಪು.”

ಅಕ್ಕ ನಗು ನಿಲ್ಲಿಸಿದಳು. ಹೋದ ವರ್ಷ ಕೊನೆಯ ಸುತ್ತಿಗೆ ಮುಂಚೆ, ಕುಡಿಯದ ಸಾಸಿವೆಯ ಬಾಯಿಗೆ ಅವಳೇ ದೊಡ್ಡ ಸಿರಿಂಜಿನಲ್ಲಿ ಪುಡಿ ಒತ್ತಿದ್ದಳಂತೆ. ಭಾವ ಗುಂಡಿಯ ಅಂಚಿನಿಂದ ಎದ್ದು ಬಂದರು. ಅವಳ ಹೆಗಲ ಮೇಲೆ ಮಣ್ಣು ಕೈ ಇಟ್ಟರು. ಬಿಳಿ ಸಮವಸ್ತ್ರ, ಆದರೂ ಅವಳು ಬೈಯಲಿಲ್ಲ.

“ಅಂದ್ರೆ ಪ್ರಶ್ನೆ ಉಪ್ಪಿನದಲ್ಲ,” ಎಂದಳು ಆಮೇಲೆ. “ಹೊಸ ಜಾಗದಲ್ಲಿ ಇವಳು ನೀರು ಕುಡೀತಾಳಾ ಅನ್ನೋದು.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಕೆಟ್ ಹಿಡಿದುಕೊಂಡಿದ್ದೆ.

ಮಾರ್ಚ್ ೩೦, ಭಾನುವಾರ

ಪರೀಕ್ಷಾರ್ಥ ದೂರದ ಸವಾರಿ. ನಾನೂ ಭಾವನೂ ವ್ಯಾನಿನಲ್ಲಿ ಮುಂದೆ ಹೋಗಿ ಪೆಟ್ರೋಲ್ ಬಂಕಿನ ಹಿಂದೆ ಕಾದೆವು. ಅಕ್ಕ ಬಂದಳು. ಕುದುರೆಯ ಎದೆ ತೊಯ್ದಿತ್ತು. ಒಂದು ಬಕೆಟ್ಟಿನಲ್ಲಿ ಬರೀ ನೀರು, ಇನ್ನೊಂದರಲ್ಲಿ ಸ್ವಲ್ಪ ಪುಡಿ ಬೆರೆಸಿದ ನೀರು, ಯಾವುದು ಬೇಕೋ ಅದು ಎಂದು ಇಟ್ಟೆವು. ಲಾರಿಗಳು, ಹಾರನ್ನು, ಡೀಸೆಲ್ ವಾಸನೆ. ಎರಡನ್ನೂ ಮೂಸಲಿಲ್ಲ.

ಭಾವ ಸನ್ನೆ ಮಾಡಿದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಕುದುರೆಯ ಕಿವಿಯ ಹತ್ತಿರ ಹೋಗಿ, ಮೆಲ್ಲಗೆ ಸಾಸಿವೆ ಎಕ್ಸ್‌ಪ್ರೆಸ್ ಹೇಳಿದೆ. ಕಿವಿ ನಿಮಿರಿತು. ಮೊದಲು ಉಪ್ಪಿನದನ್ನು ಅರ್ಧ, ಆಮೇಲೆ ಬರೀ ನೀರನ್ನು ಪೂರ್ತಿ. ಗಂಟಲಲ್ಲಿ ಗುಟುಕು ಇಳಿಯುವುದು ಕೈಗೆ ತಿಳಿಯುತ್ತದೆ, ಚರ್ಮದ ಕೆಳಗೆ ಒಂದೊಂದೇ ನಿಂಬೆಹಣ್ಣು ಉರುಳಿದ ಹಾಗೆ. ಕೈ ಅವಳ ಕತ್ತಿನ ಮೇಲೆ ಯಾವಾಗ ಹೋಯಿತೋ.

ಕಾಕತಾಳೀಯ ಎಂದು ಮತ್ತೆ ಬರೆಯಲು ಸ್ವಲ್ಪ ನಾಚಿಕೆಯಾಗುತ್ತಿದೆ.

ಏಪ್ರಿಲ್ ೬, ಭಾನುವಾರ

ಗುಂಡಿ ಮುಚ್ಚಿದೆವು. ಭಾವ ಮಣ್ಣು ತಳ್ಳಿದರು, ನಾನು ತುಳಿದೆ, ಅಕ್ಕ ಕಾಫಿ ಹಿಡಿದು ನಿಂತು ಇಬ್ಬರನ್ನೂ ಗೇಲಿ ಮಾಡಿದಳು. ಸಾಸಿವೆಯ ಟವೆಲ್ಲು, ಸ್ಪಂಜು, ಕಾಲಿನ ಪಟ್ಟಿಗಳಿಗೆ ಧೂಳಾಗದ ಪೆಟ್ಟಿಗೆ ಬೇಕಿತ್ತು. ನನ್ನ ಸೂಟ್‌ಕೇಸ್ ಸರಿಹೋಯಿತು. ಅಂಗಿಗಳನ್ನು ಕಪಾಟಿಗೆ ಎಸೆದೆ.

ಮ್ಯಾನೇಜರ ಫೋನು ಬಂದಿತ್ತಂತೆ. ಸಾಸಿವೆಯ ಮೈ ಉಜ್ಜುತ್ತಿದ್ದೆ, ಕೇಳಿಸಲಿಲ್ಲ.

ಏಪ್ರಿಲ್ ೧೨, ಶನಿವಾರ

ಅವಳಿಗೆ ಎಡಗಿವಿಯ ಹಿಂದೆ ಕೆರೆದರೆ ಕೆಳತುಟಿ ಜೋತುಬೀಳುತ್ತದೆ. ಇದು ಅಕ್ಕನಿಗೂ ಗೊತ್ತಿರಲಿಲ್ಲ!

ಏಪ್ರಿಲ್ ೨೦, ಭಾನುವಾರ

ಗಂಟಲು ಒಡೆದಿದೆ, ಕೈಯಲ್ಲಿ ಬೊಬ್ಬೆ, ಮೈಯೆಲ್ಲ ಕುದುರೆ ವಾಸನೆ. ಬರೆಯದೆ ಮಲಗಲಾರೆ.

ದೊಡ್ಡ ಮೈದಾನ. ಅಲ್ಲಿಂದಲೇ ಹೊರಟು ಮೂರು ಸುತ್ತು, ಪ್ರತಿ ಸುತ್ತಿಗೂ ಅಲ್ಲಿಗೇ ವಾಪಸ್. ಬಂದ ಕುದುರೆಯ ನಾಡಿ ಅರವತ್ತನಾಲ್ಕಕ್ಕೆ ಇಳಿಯಬೇಕು, ಡಾಕ್ಟರು ಒಪ್ಪಬೇಕು, ಕಡ್ಡಾಯವಾಗಿ ಸುಧಾರಿಸಿಕೊಳ್ಳಬೇಕು, ಆಮೇಲೆ ಮುಂದಿನ ಸುತ್ತು. ಮೊದಲನೆಯದು ಬೆಳಗಿನ ತಂಪಿನಲ್ಲಿ ಸಲೀಸಾಯಿತು. ಕಿವಿಯಲ್ಲಿ ಗುನುಗಿದೆ, ಕುಡಿದಳು.

ಎರಡನೆಯದಕ್ಕೆ ಬಿಸಿಲು ಏರಿತ್ತು. ಅಕ್ಕ ಇಳಿದಾಗ ಸಾಸಿವೆಯ ಮೈಮೇಲೆ ಸೋಪಿನ ನೊರೆಯಂಥ ಬೆವರು. ಭಾವ ಜೀನು ಬಿಚ್ಚಿದರು, ಅಕ್ಕ ಸ್ಪಂಜಿನಿಂದ ನೀರು ಸುರಿದಳು. ನಾಡಿ ಇಳಿಯಿತು. ಡಾಕ್ಟರು, ತೆಳ್ಳಗಿನ ಗಂಭೀರ ಮನುಷ್ಯ, ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು, “ಕರುಳಿನ ಸದ್ದು ಕಮ್ಮಿ. ನೀರು ಕುಡಿಸಿ ಮತ್ತೆ ತೋರಿಸಿ. ಕುಡೀದಿದ್ರೆ ಮುಂದೆ ಬಿಡಲ್ಲ,” ಎಂದರು.

ಬಕೆಟ್ ಇಟ್ಟೆ. ಕುಡಿಯಲಿಲ್ಲ. ಕಿವಿಯ ಹತ್ತಿರ ಹೇಳಿದೆ. ಕೇಳಿಸಲಿಲ್ಲ. ಪಕ್ಕದಲ್ಲೇ ಕಂಬಕ್ಕೆ ಕಟ್ಟಿದ ಧ್ವನಿವರ್ಧಕ, ಅದರಲ್ಲಿ ಒಬ್ಬ ಸವಾರರ ನಂಬರುಗಳನ್ನು ಅರಚುತ್ತಿದ್ದ. ಉಚ್ಚಾರಣೆಯೂ ಸರಿಯಿರಲಿಲ್ಲ. ಅಕ್ಕನ ಕೈಯಲ್ಲಿ ಪುಡಿ ಕಲಸಿದ ಸಿರಿಂಜು. ಹೋದ ವರ್ಷದ್ದೇ. ಅದನ್ನು ನೋಡಿದಳು, ನನ್ನನ್ನು ನೋಡಿದಳು, ವ್ಯಾನಿನೊಳಗೆ ಎಸೆದುಬಿಟ್ಟಳು.

“ತಮ್ಮಾ,” ಎಂದಳು. ಅಷ್ಟೇ.

ಭಾವ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. “ಲೋ ಮೈಕಾಸುರ! ನಾಚಿಕೆ ಪಡೋಕೆ ನೀನೇನು ಹೆಣ್ಣು ನೋಡೋಕೆ ಬಂದಿದ್ದೀಯಾ? ಬಾಯಿ ಬಿಡೋ!”

ಮೈದಾನದ ತುಂಬ ಜನ. ನಾನು ಕಣ್ಣು ಮುಚ್ಚಿಕೊಂಡೆ. ಹೊಟ್ಟೆಯ ಆಳದಿಂದ, ಯಾವ ಮೈಕೂ ಇಲ್ಲದೆ, ಕರೆಂಟು ಹೋದ ದಿನಗಳಲ್ಲಿ ಕೊನೆಯ ಪ್ಲಾಟ್‌ಫಾರಂಗೆ ಕೇಳಿಸುವಂತೆ ಕೂಗುತ್ತಿದ್ದ ಆ ದನಿ ತೆಗೆದೆ:

“ಪ್ರಯಾಣಿಕರ ಗಮನಕ್ಕೆ! ಸಾಸಿವೆ ಎಕ್ಸ್‌ಪ್ರೆಸ್ ಬಕೆಟ್ಟಿನ ಬಳಿ ಬಂದಿದೆ!
ಅಕ್ಕನ ಮೊಣಕಾಲೂ ಭಾವನ ಮಾನವೂ ಇದೇ ಗಾಡಿಗೆ ಕಾದಿದೆ!”

ಧ್ವನಿವರ್ಧಕದವನು ನಂಬರು ನುಂಗಿ ಸುಮ್ಮನಾದ. ಮೈದಾನದ ಕುದುರೆಗಳೆಲ್ಲ ತಲೆ ಎತ್ತಿದವು. ಸಾಸಿವೆ ಮಾತ್ರ ತಲೆ ತಗ್ಗಿಸಿದಳು. ಗುಟುಕು, ಗುಟುಕು, ಗುಟುಕು. ಪಕ್ಕದ ಬೂದು ಕುದುರೆಯೂ ಅದರ ಬಕೆಟ್ಟಿಗೆ ಮೂತಿ ಹಾಕಿತು. ಅದರ ಮಾಲೀಕ ನನ್ನ ಹತ್ತಿರ ಬಂದು, “ಇನ್ನೊಂದು ಸಲ ಹೇಳಿ ಸಾರ್, ನಮ್ಮದು ಅರ್ಧಕ್ಕೇ ನಿಲ್ಲಿಸಿದೆ,” ಎಂದ. ಹೇಳಿದೆ. ಆಮೇಲೆ ಯಾರೂ ಕೇಳದಿದ್ದರೂ ಹೇಳಿದೆ.

ಅವಳು ಕುಡಿದ ಮೇಲೆಯೇ ಅಕ್ಕ ನೆನೆಸಿದ ಬೂಸಾಕ್ಕೆ ಪುಡಿ ಹಾಕಿದಳು. ಅಳೆದವರು ಭಾವ. “ಬೆವರಿದ್ದಾಳೆ, ಇದು ನ್ಯಾಯವಾದ ಚಮಚ,” ಎಂದರು. ಡಾಕ್ಟರು ಮತ್ತೆ ನೋಡಿ ಕೈ ಬೀಸಿ ಕಳಿಸಿದರು.

ಮೂರನೇ ಸುತ್ತಿಗೆ ನಾನೂ ಭಾವನೂ ಬೇಲಿ ಹಿಡಿದು ನಿಂತೆವು. ಮೊದಲು ಧೂಳು ಕಂಡಿತು, ಆಮೇಲೆ ಕಿವಿಗಳು. ಅಕ್ಕ ಹಾಡಿಕೊಂಡು ಬರುತ್ತಿದ್ದಳು, ಶ್ರುತಿ ಎಲ್ಲೋ, ಅವಳೆಲ್ಲೋ. ಮುಂದೆ ಬಂದವರೂ ಇದ್ದರು, ಹಿಂದೆ ಉಳಿದವರೂ ಇದ್ದರು, ನಾವು ಅದನ್ನು ನೋಡಲೇ ಇಲ್ಲ. ನೀರು ಕುಡಿದಳು, ಈ ಸಲ ನಾನು ಬಾಯಿ ತೆರೆಯುವ ಮುಂಚೆಯೇ. ನಾಡಿ ಸರಿ. ವಸಡು ಸರಿ. ಚರ್ಮ ಸರಿ. ಡಾಕ್ಟರು ಹೊಟ್ಟೆಗೆ ಕಿವಿ ಕೊಟ್ಟರು. ಆ ಕಡೆ ಹೋಗಿ ಮತ್ತೆ ಕೊಟ್ಟರು. ಅಕ್ಕ ನನ್ನ ಮಣಿಕಟ್ಟು ಹಿಡಿದಿದ್ದಳು, ನರ್ಸಿನ ಹಿಡಿತ, ನನ್ನ ನಾಡಿಯೂ ಅವಳಿಗೆ ಸಿಕ್ಕಿರಬೇಕು.

ಆ ಗಂಭೀರ ಮನುಷ್ಯನ ಮುಖದಲ್ಲಿ ನಗು ಮೂಡಿತು. “ಒಳಗೆ ಯಾರೋ ಪೈಪ್ ಕೆಲಸ ಮಾಡ್ತಿರೋ ಹಾಗಿದೆ,” ಎಂದರು. “ಭರ್ಜರಿ ಸದ್ದು. ಓಡಿಸಿ ತೋರಿಸಿ.”

ಲಗಾಮು ಹಿಡಿದು ಜೊತೆಗೆ ಓಡಿದವನು ನಾನು. ಅಕ್ಕನ ಮೊಣಕಾಲು, ಭಾವನ ಹೊಟ್ಟೆ, ಇನ್ನು ಯಾರು ಓಡಬೇಕು? ಹೋಗಿ ತಿರುಗಿ ಬಂದೆವು, ಇಬ್ಬರೂ ಕುಂಟಲಿಲ್ಲ. “ಪಾಸ್,” ಎಂದರು.

ಭಾವ ಅತ್ತರು. ಪೈಪಿನ ಮಾತಿಗೆ ಅತ್ತರೋ ಪಾಸಿಗೆ ಅತ್ತರೋ ಕೇಳಲಿಲ್ಲ. ಅಕ್ಕ ಸಾಸಿವೆಯ ಕತ್ತಿಗೆ ಮುಖ ಒತ್ತಿ ನಿಂತವಳು ಬಹಳ ಹೊತ್ತು ಬಿಡಲಿಲ್ಲ. ಮುಖ ಎತ್ತಿದಾಗ ಕೆನ್ನೆಯ ಮೇಲೆ ಬಿಳಿ ಉಪ್ಪು. ಕುದುರೆಯದೋ ಅವಳದೋ.

ಏಪ್ರಿಲ್ ೨೧, ಸೋಮವಾರ

ಬೆಳಿಗ್ಗೆ ಟವೆಲ್ಲುಗಳನ್ನು ಒಗೆದು ಸೂಟ್‌ಕೇಸಿನಲ್ಲಿ ಮಡಚಿಡುತ್ತಿದ್ದೆ, ಮ್ಯಾನೇಜರ ಫೋನು ಬಂತು. ಯಂತ್ರ ಮೂರು ದಿನದಿಂದ ಹೊರಡುವ ಬಸ್ಸುಗಳನ್ನು ಬಂದವು ಎನ್ನುತ್ತಿದೆಯಂತೆ, ಬಂದವನ್ನು ಏನೂ ಅನ್ನುತ್ತಿಲ್ಲವಂತೆ. ಜನ ಗಲಾಟೆ ಮಾಡಿದ್ದಾರೆ. ಹಳೇ ಕುರ್ಚಿ, ಹಳೇ ಸಂಬಳ, ಮೇಲೊಂದಿಷ್ಟು.

“ನಾಳೆಯಿಂದಲೇ ಬರ್ತೀರಾ? ದನಿ ಚೆನ್ನಾಗಿದೆ ತಾನೇ?”

“ನಿನ್ನೆ ಒಡೆದುಹೋಯ್ತು ಸಾರ್,” ಎಂದೆ. ನಗು ಬರುತ್ತಿತ್ತು.

“ಹಾಗಾದ್ರೆ ಯಾವಾಗ...”

ಕಿಟಕಿಯಿಂದ ಕಂದು ಮೂತಿ ಒಳಗೆ ಬಂದು ನನ್ನ ಹೆಗಲಿಗೆ ಗುದ್ದಿತು. ಫೋನು ಹಾಸಿಗೆಗೆ ಬಿತ್ತು. ಎತ್ತಿಕೊಂಡೆ.

“ಆಮೇಲೆ ಮಾತಾಡ್ತೀನಿ ಸಾರ್,” ಎಂದೆ. “ಮನೆಯಲ್ಲಿ ಕರೀತಿದ್ದಾರೆ. ನೀರು ಬೇಕಂತೆ.”